ಶನಿವಾರ, ಹನ್ನೊಂದರಿಂದ ಒಂದು

ಮೊದಲು ನಿಂಬೆಹಣ್ಣು. ಗಾಜಿನ ಬೋಗುಣಿಗೆ ಏಳು,
ಏಳೂ ಮೇಣದವು.
ಆಮೇಲೆ ಓವನ್ನಿನಲ್ಲಿ ಒಂದು ಚಮಚ ವೆನಿಲಾ ಇಟ್ಟು
ಹತ್ತು ನಿಮಿಷ ಬಿಸಿ ಮಾಡುತ್ತೇನೆ:
ಒಲೆ ಹತ್ತಿಸದ ಮನೆಯಲ್ಲಿ
ಈಗಷ್ಟೇ ಯಾರೋ ಬೇಯಿಸಿಟ್ಟು ಹೋದ ಪರಿಮಳ.
ಇಷ್ಟು ಕಲಿಯಲು ನನಗೆ ನಾಲ್ಕು ವರ್ಷ ಹಿಡಿಯಿತು.

ಪ್ರೆಸ್ಟನ್ನಿನ ಹಾರ್ಗ್ರೋವ್ ಮಿಲ್ಲು, ಐದನೇ ಮಹಡಿ.
ಕೆಂಪು ಇಟ್ಟಿಗೆಗೆ ಗಾರೆ ಹಚ್ಚದೆ ಬಿಟ್ಟಿದ್ದಾರೆ,
ಬಿಟ್ಟದ್ದಕ್ಕೇ ಹೆಚ್ಚು ಬೆಲೆ.
ಬೀಡುಕಬ್ಬಿಣದ ಹನ್ನೊಂದು ಕಂಬ;
ಒಂದು ಬಚ್ಚಲಿನೊಳಗೇ ನಿಂತಿದೆ,
ಬಟ್ಟೆ ಬಿಚ್ಚಲು ನಾಚಿದ ನೆಂಟನ ಹಾಗೆ.
ಮೂರು ಲಕ್ಷದ ಎಂಬತ್ತೈದು ಸಾವಿರ ಪೌಂಡು.
'ನಗರದ ನಡುವೆ ನಿಶ್ಶಬ್ದ',
ಕರಪತ್ರದ ಈ ಸಾಲು ನನ್ನದೇ.

ಹನ್ನೊಂದೂ ಕಾಲಿಗೆ ಜೋಡಿಯೊಂದು ಬಂತು.
ಅವನ ಕೈಯಲ್ಲಿ ಲೇಸರ್ ಅಳತೆಗೋಲು,
ಅವಳ ಕೈ ಕೋಟಿನ ಜೇಬಿನಲ್ಲಿ.
ಹಿಂದೆಯೇ, ಲಿಫ್ಟನ್ನು ನಂಬದೆ
ಮೆಟ್ಟಿಲು ಹತ್ತಿ ಬಂದ ಮುದುಕಿ
ರಿಜಿಸ್ಟರಿನಲ್ಲಿ ಬರೆದಳು: ಎನಿಡ್ ಥ್ರೆಲ್ಫಾಲ್.
'ಬಜೆಟ್' ಎಂಬ ಖಾನೆಯಲ್ಲಿ ಒಂದು ಅಡ್ಡಗೆರೆ.

ಕೊಳ್ಳುವವರು ನಲ್ಲಿ ತಿರುಗಿಸುತ್ತಾರೆ,
ಕೊಳ್ಳದವರು ಕಿಟಕಿಯಾಚೆಯ ನೋಟ ಹೊಗಳುತ್ತಾರೆ.
ಇವಳು ಎರಡೂ ಮಾಡಲಿಲ್ಲ.
ಹೆಜ್ಜೆ ಎಣಿಸುತ್ತಾ ಹೋಗಿ ಸೋಫಾದ ಪಕ್ಕ ನಿಂತಳು.
"ನನ್ನ ರಿಂಗ್ ಫ್ರೇಮು ಇಲ್ಲಿಂದ ಅಲ್ಲಿವರೆಗೆ,"
ಫ್ರಿಜ್ಜಿನತ್ತ ಕೈ ತೋರಿದಳು.
"ಹದಿನೈದಕ್ಕೆ ಸೇರಿದೆ. ಬರಿಗಾಲು. ನೆಲವೆಲ್ಲ ಎಣ್ಣೆ."
ಈಗ ಓಕ್ ಹಲಗೆ, ಮೂರು ಕೋಟು ವಾರ್ನಿಶ್.
ಪಾದ ಉಜ್ಜಿ ನೋಡಿ, "ಜಾರುವುದೇ ಇಲ್ಲ," ಎಂದಳು,
ಸ್ವಲ್ಪ ಬೇಜಾರಿನಿಂದ.
ಕಿಟಕಿ ತೆರೆಯಬಹುದೇ ಅಂತ ಕೇಳಿದಳು.
ಆಗ ಬಿಡುತ್ತಿರಲಿಲ್ಲವಂತೆ, ಗಾಳಿಗೆ ನೂಲು ಒಣಗಿ ಹರಿಯುತ್ತೆ ಅಂತ.
ತೆರೆದು, ಮೊಣಕೈ ತನಕ ಹೊರಗೆ ಚಾಚಿ,
ಮತ್ತೆ ಮುಚ್ಚಿದಳು.

ನಿಶ್ಶಬ್ದ ಎಂದದ್ದಕ್ಕೆ ನಕ್ಕಳು.
ಆ ಸದ್ದಿನಲ್ಲಿ ಕಿವಿ ಇದ್ದೂ ದಂಡ,
ತುಟಿಯಲ್ಲೇ ಮಾತು, ತುಟಿಯಲ್ಲೇ ಜಗಳ,
ಯಾರ ಹೊಟ್ಟೆಯಲ್ಲಿ ಯಾರ ಮಗು ಎಂಬ ಸುದ್ದಿ
ಸಾಲಿನ ಆ ತುದಿಯಿಂದ ಈ ತುದಿಗೆ
ಮೇಸ್ತ್ರಿಯ ಮೂಗಿನ ಕೆಳಗೇ ದಾಟುತ್ತಿತ್ತಂತೆ.

ದಾವಣಗೆರೆಯ ನನ್ನ ಸೋದರಮಾವ ನೆನಪಾದ.
ಮೂರು ಪಾಳಿಯ ಮಿಲ್ಲು. ಮನೆಗೆ ಬಂದರೂ ಕೂಗಿಯೇ ಮಾತು,
ಗುಟ್ಟು ಹೇಳಿದರೆ ಓಣಿಗೆಲ್ಲ ಕೇಳುತ್ತಿತ್ತು.
ಅವನಿಗೆ ಯಾರೂ ಈ ವಿದ್ಯೆ ಕಲಿಸಿರಲಿಲ್ಲ.
ಎನಿಡ್‌ಗೆ ಹೇಳಲಿಲ್ಲ. ಕೆಲಸದ ಹೊತ್ತು.

ಅಷ್ಟರಲ್ಲಿ ಜೋಡಿ ಬಾಲ್ಕನಿಗೆ ಹೋಗಿ
ಮೂರು ಪದರದ ಗಾಜಿನ ಬಾಗಿಲು ಎಳೆದುಕೊಂಡು
ಪಿಸುಗುಟ್ಟತೊಡಗಿತು.
ಎನಿಡ್ ನೋಡುತ್ತ ನಿಂತಳು,
ಬಸ್ಸಿನ ಬೋರ್ಡು ಓದುವವರ ಹಾಗೆ.
"ಅರವತ್ತೈದು ಅಂತ ಶುರು ಮಾಡ್ತಾನೆ," ಎಂದಳು.
"ಎಂಬತ್ತರ ತನಕ ಬರ್ತಾನೆ. ನೀನು ಬಗ್ಗಬೇಡ."
"ಅವಳು?" ಎಂದೆ.
ಎನಿಡ್ ಬೋಗುಣಿಯಿಂದ ಒಂದು ನಿಂಬೆ ತೆಗೆದು
ಮೂಸಿ, ತಿರುಗಿ ಇಟ್ಟಳು.
"ಅವಳದು ಮನೆಯ ಮಾತಲ್ಲ."
ಅಷ್ಟೇ. ಬಾಗಿಲಿಗೆ ಬೀಗ ಜಡಿದು
ಕೀಲಿ ತಾನೇ ಇಟ್ಟುಕೊಂಡಳು.

ಅವನು ಒಳಗೆ ಬಂದು ಅರವತ್ತೈದು ಎಂದ.
ನಾನು ಬಗ್ಗಲಿಲ್ಲ.
ಎಂಬತ್ತಕ್ಕೆ ಕೈ ಕುಲುಕಿದೆವು.
ಅವಳ ಕೈ ಜೇಬಿನಿಂದ ಹೊರಗೆ ಬರಲೇ ಇಲ್ಲ.

ಒಂದು ಗಂಟೆಗೆ ದೀಪ ಆರಿಸಿ
ನಿಂಬೆಗಳನ್ನು ಚೀಲಕ್ಕೆ ಸುರಿದು
ಅಗಳಿ ಹಾಕುವಾಗ ಕೆಳಗೆ, ಬಸ್ ಸ್ಟಾಪಿನಲ್ಲಿ ಎನಿಡ್.
ತಲೆ ಎತ್ತಿ, ಬಾಯಿ ಅಗಲಿಸಿ
ಏನೋ ಒಂದು ಮಾತು ಹೇಳಿದಳು, ಸದ್ದಿಲ್ಲದೆ,
ಐದು ಮಹಡಿ ಕೆಳಗಿನಿಂದ.
ನಾನು ಕೈ ಬೀಸಿದೆ.
ಅದು ಉತ್ತರವಾಗಿರಲಿಲ್ಲವೇನೋ. ಇನ್ನೊಮ್ಮೆ ಹೇಳಿದಳು,
ಅದೇ ಮಾತು, ಇನ್ನೂ ನಿಧಾನ,
ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಗೆ ಹೇಳುವ ಹಾಗೆ.
ಬಸ್ಸು ಬಂತು.